ಸಿಲಿಂಡರ್ ಹೆಡ್ ಬದಲಾವಣೆ (ಆರು ಸಿಲಿಂಡರ್ ಲಾರಿ ಎಂಜಿನ್)

ಸಿಲಿಂಡರ್ ಹೆಡ್ ಬದಲಾವಣೆ ಎಂದರೆ ಎಂಜಿನ್ ಬ್ಲಾಕಿನ ಮೇಲೆ ಕುಳಿತು ಸಿಲಿಂಡರುಗಳ ಬಾಯಿ ಮುಚ್ಚುವ ಎರಕದ ಭಾಗವನ್ನು ತೆಗೆದು, ಅದರ ಸ್ಥಾನದಲ್ಲಿ ಬೇರೊಂದನ್ನು ಕೂರಿಸುವ ದುರಸ್ತಿ ಕಾರ್ಯ. ಭಾರತದ ಹಳೆಯ ಲಾರಿಗಳಲ್ಲಿ ಬಳಕೆಯಲ್ಲಿದ್ದ, ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ಡೀಸೆಲ್ ಎಂಜಿನ್‌ಗಳಿಗೆ ಸಂಬಂಧಿಸಿದಂತೆ ಈ ಲೇಖನವಿದೆ. ಬೋಲ್ಟ್‌ಗಳ ರಂಧ್ರಗಳು ಹೊಂದಿಕೊಂಡ ಮಾತ್ರಕ್ಕೆ ಒಂದು ಎಂಜಿನ್ನಿನ ಹೆಡ್ ಮತ್ತೊಂದಕ್ಕೆ ಸರಿಹೋಗುವುದಿಲ್ಲ. ದಹನದ ವಿಧಾನ, ಸಿಲಿಂಡರಿನ ವ್ಯಾಸ ಹಾಗೂ ಇಂಜೆಕ್ಟರಿನ ಸ್ಥಾನ ಕೂಡ ಹೊಂದಬೇಕು.

ಹಿನ್ನೆಲೆ

1945ರಲ್ಲಿ ಸ್ಥಾಪನೆಯಾದ ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿಗಳ ತಯಾರಿಕೆ ಆರಂಭಿಸಿತು. ಆ ಕಾಲದ ಓಎಂ 312 ಎಂಜಿನ್ ಪೂರ್ವದಹನ ಕೋಣೆಯನ್ನು ಹೊಂದಿತ್ತು. 1969ರಲ್ಲಿ ಒಪ್ಪಂದ ಮುಗಿದ ಮೇಲೆ ಲಾರಿಗಳು ಟಾಟಾ ಹೆಸರಿನಲ್ಲಿ ಹೊರಬಂದವು. ಟಾಟಾ 692 ಮತ್ತು 697 ಎಂಜಿನ್‌ಗಳ ಹೆಸರಿನಲ್ಲೇ ಅವುಗಳ ಅಳತೆ ಅಡಗಿದೆ: ಮೊದಲ ಅಂಕಿ ಸಿಲಿಂಡರುಗಳ ಸಂಖ್ಯೆ, ಉಳಿದೆರಡು ಮಿಲಿಮೀಟರಿನಲ್ಲಿ ಸಿಲಿಂಡರಿನ ವ್ಯಾಸ. 697 ಎಂಜಿನ್ನಿನ ವ್ಯಾಸ 97 ಮಿ.ಮೀ., ಪಿಸ್ಟನ್ನಿನ ಓಟ 128 ಮಿ.ಮೀ., ಒಟ್ಟು ಗಾತ್ರ 5,675 ಘನ ಸೆಂ.ಮೀ. ಬೆಂಜ್ ಸಂಸ್ಥೆಯ ಓಎಂ 352 ಎಂಜಿನ್ನಿನ ಅಳತೆಗಳೂ ಇವೇ.

1948ರಲ್ಲಿ ಅಶೋಕ್ ಮೋಟಾರ್ಸ್ ಎಂದು ಆರಂಭವಾಗಿ 1955ರಲ್ಲಿ ಹೆಸರು ಬದಲಿಸಿಕೊಂಡ ಅಶೋಕ್ ಲೇಲ್ಯಾಂಡ್ ಸಂಸ್ಥೆಯ ಕಾಮೆಟ್ ಲಾರಿಗಳಲ್ಲೂ ಆರು ಸಿಲಿಂಡರ್ ಎಂಜಿನ್ ಇತ್ತು. ಇಂತಹ ಎಂಜಿನ್‌ಗಳ ಇಂಧನ ಪಂಪು ಮತ್ತು ಇಂಜೆಕ್ಟರುಗಳಲ್ಲಿ ಹಲವು 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೊ ಸಂಸ್ಥೆಯಲ್ಲಿ ತಯಾರಾಗುತ್ತಿದ್ದವು.

ಕಲಬುರಗಿ ಪ್ರದೇಶದಲ್ಲಿ

ಕಲಬುರಗಿ ಜಿಲ್ಲೆಯ ಸರಕು ಸಾಗಣೆಯಲ್ಲಿ ತೊಗರಿ, ಶಹಾಬಾದ್ ಕಲ್ಲು, ವಾಡಿ ಮತ್ತು ಸೇಡಂ ಭಾಗದ ಸಿಮೆಂಟ್ ಪ್ರಮುಖವಾದವು. ನಗರದಿಂದ ಈಶಾನ್ಯಕ್ಕೆ, ಹುಮನಾಬಾದ್ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಮಲಾಪುರವಿದೆ. ಇದು ಕೆಂಪು ಬಾಳೆಗೆ ಹೆಸರಾದ ಊರು. ಬೇಸಿಗೆಯಲ್ಲಿ ಇಲ್ಲಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಭಾರ ಹೊತ್ತ ಹಳೆಯ ಲಾರಿಯ ರೇಡಿಯೇಟರ್ ಕಟ್ಟಿಕೊಂಡಿದ್ದರೆ ಇಂತಹ ಬಿಸಿಲಿನಲ್ಲಿ ಎಂಜಿನ್ ಬೇಗ ಕುದಿಯುತ್ತದೆ. ಜಿಲ್ಲೆಯ ಸುಣ್ಣಕಲ್ಲಿನ ಭಾಗಗಳಲ್ಲಿ ಗಡಸು ಬೋರ್‌ವೆಲ್ ನೀರನ್ನೇ ರೇಡಿಯೇಟರಿಗೆ ತುಂಬಿದರೆ, ಹೆಡ್ಡಿನ ಒಳಗಿನ ನೀರಿನ ಹಾದಿಗಳಲ್ಲಿ ಬಿಳಿ ಪದರ ಕಟ್ಟಿ ಶಾಖ ಹೊರಹೋಗುವುದಕ್ಕೆ ತಡೆಯಾಗುತ್ತದೆ.

ದಾರಿಯಲ್ಲಿ ಎಂಜಿನ್ ಕುದಿದಾಗ ತಕ್ಷಣ ತಣ್ಣೀರು ಸುರಿಯುವುದು ಹೆಡ್ ಬಿರಿಯಲು ಮುಖ್ಯ ಕಾರಣಗಳಲ್ಲೊಂದು. ಬಿಸಿಯಿರುವಾಗಲೇ ರೇಡಿಯೇಟರಿನ ಮುಚ್ಚಳ ತೆರೆದರೆ ಚಿಮ್ಮುವ ನೀರು ಮತ್ತು ಹಬೆಯಿಂದ ತೀವ್ರ ಸುಟ್ಟ ಗಾಯಗಳಾಗುತ್ತವೆ.

ಹಾಳಾದ ಲಕ್ಷಣಗಳು

ಆರು ಸಿಲಿಂಡರುಗಳಿಗೂ ಒಂದೇ ಹೆಡ್ ಇರುವ ಎಂಜಿನ್‌ಗಳಲ್ಲಿ ಎರಕ ಉದ್ದವಾಗಿರುವುದರಿಂದ ಅತಿಯಾದ ಶಾಖಕ್ಕೆ ಬಾಗುವ ಸಾಧ್ಯತೆ ಹೆಚ್ಚು. ಬಿರುಕು ಸಾಮಾನ್ಯವಾಗಿ ಎರಡು ವಾಲ್ವುಗಳ ನಡುವೆ ಅಥವಾ ವಾಲ್ವಿಗೂ ಇಂಜೆಕ್ಟರಿನ ರಂಧ್ರಕ್ಕೂ ನಡುವೆ ಕಾಣಿಸಿಕೊಳ್ಳುತ್ತದೆ. ರೇಡಿಯೇಟರಿನಲ್ಲಿ ನಿರಂತರವಾಗಿ ಗುಳ್ಳೆ ಏಳುವುದು, ನೀರು ಕಡಿಮೆಯಾಗುತ್ತಲೇ ಇರುವುದು, ಬಿಳಿ ಹೊಗೆ ಮತ್ತು ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುವುದು ಇದರ ಚಿಹ್ನೆಗಳು. ಗ್ಯಾಸ್ಕೆಟ್ ಮಾತ್ರ ಸುಟ್ಟಿದ್ದರೂ ಇವೇ ಲಕ್ಷಣಗಳು ಕಾಣುವುದರಿಂದ, ಹೆಡ್ ಇಳಿಸಿ ಪರೀಕ್ಷಿಸಿದ ನಂತರವೇ ಹೊಸದನ್ನು ಕೊಳ್ಳುವ ತೀರ್ಮಾನ ಮಾಡುವುದು ಸೂಕ್ತ.

ಹೊಂದಾಣಿಕೆ

ಪೂರ್ವದಹನ ಕೋಣೆಯ ಎಂಜಿನ್‌ಗಳಲ್ಲಿ ದಹನ ಹೆಡ್ಡಿನೊಳಗಿನ ಚಿಕ್ಕ ಕೋಣೆಯಲ್ಲಿ ಆರಂಭವಾಗುತ್ತದೆ. ನೇರ ಸಿಂಪಡಣೆಯ ಎಂಜಿನ್‌ಗಳಲ್ಲಿ ಅದು ಪಿಸ್ಟನ್ನಿನ ತಲೆಯಲ್ಲಿರುವ ಬಟ್ಟಲಿನಲ್ಲಿ ನಡೆಯುತ್ತದೆ. ಆದ್ದರಿಂದ ಪಿಸ್ಟನ್, ಇಂಜೆಕ್ಟರ್ ಮತ್ತು ಪಂಪಿನ ಹೊಂದಿಕೆಯನ್ನು ಬದಲಿಸದೆ ಒಂದು ವಿಧದ ಹೆಡ್ಡನ್ನು ಮತ್ತೊಂದು ವಿಧದ ಎಂಜಿನ್ನಿಗೆ ಹಾಕಿದರೆ ಒತ್ತಡದ ಅನುಪಾತ ಕೆಡುತ್ತದೆ.

ಗ್ಯಾಸ್ಕೆಟ್ ಸಹ ಸಿಲಿಂಡರಿನ ವ್ಯಾಸಕ್ಕೆ ತಕ್ಕದ್ದಾಗಿರಬೇಕು. 92 ಮಿ.ಮೀ. ವ್ಯಾಸಕ್ಕೆಂದು ಮಾಡಿದ ಗ್ಯಾಸ್ಕೆಟ್ಟಿನ ಉಂಗುರ 97 ಮಿ.ಮೀ. ಸಿಲಿಂಡರಿನೊಳಗೆ ಚಾಚಿಕೊಂಡು ಸುಟ್ಟುಹೋಗುತ್ತದೆ. ಗುಜರಿಯಿಂದ ತಂದ ಹೆಡ್ಡನ್ನು ಹಿಂದೆ ಎಷ್ಟು ಬಾರಿ ತೇಯಲಾಗಿದೆ ಎಂಬುದನ್ನು ಅದರ ದಪ್ಪ ಅಳೆದು ತಿಳಿಯಬೇಕು. ಮುಖ ತೇಯ್ದಷ್ಟೂ ವಾಲ್ವುಗಳು ಪಿಸ್ಟನ್ನಿಗೆ ಹತ್ತಿರವಾಗುತ್ತವೆ, ಇಂಜೆಕ್ಟರಿನ ಮೂತಿಯೂ ಹೆಚ್ಚು ಹೊರಚಾಚುತ್ತದೆ. ಕಡಿಮೆ ಬೆಲೆಗೆ ಸಿಕ್ಕ ಹೆಡ್ಡಿನ ವಾಲ್ವು ಪಿಸ್ಟನ್ನಿಗೆ ಬಡಿದರೆ ಇಡೀ ಎಂಜಿನ್ ಬಿಚ್ಚಬೇಕಾಗಬಹುದು.

ಕ್ರಮ

ಬಿಚ್ಚುವುದು: ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ಸಂಪರ್ಕ ತಪ್ಪಿಸಿ ನೀರನ್ನು ಹೊರಬಿಡಲಾಗುತ್ತದೆ. ಇಂಧನದ ಕೊಳವೆಗಳನ್ನು ತೆಗೆದು ಬಾಯಿಗಳನ್ನು ಧೂಳು ಹೋಗದಂತೆ ಮುಚ್ಚಬೇಕು. ರಾಕರ್ ಶಾಫ್ಟ್ ತೆಗೆದ ನಂತರ ಪುಶ್ ರಾಡುಗಳನ್ನು ಇದ್ದ ಅನುಕ್ರಮದಲ್ಲೇ ಜೋಡಿಸಿಡಬೇಕು. ಬೋಲ್ಟ್‌ಗಳನ್ನು ಎರಡೂ ತುದಿಗಳಿಂದ ನಡುವಿನೆಡೆಗೆ ಹಂತಹಂತವಾಗಿ ಸಡಿಲಿಸಲಾಗುತ್ತದೆ. ಹೆಡ್ ಭಾರವಾದ ಎರಕವಾದ್ದರಿಂದ ಅದನ್ನು ಸರಪಳಿ ರಾಟೆಯಿಂದ ಎತ್ತುವುದು ಸುರಕ್ಷಿತ.

ಪರೀಕ್ಷೆ: ಹಳೆಯ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಒಣಗಿರುವಾಗ ಕೆರೆಯದೆ, ಒದ್ದೆ ಮಾಡಿ ತೆಗೆಯಬೇಕು. ಬ್ಲಾಕ್ ಮತ್ತು ಹೆಡ್ಡಿನ ಮುಖ ಸಮತಟ್ಟಾಗಿದೆಯೇ ಎಂಬುದನ್ನು ನೇರ ಪಟ್ಟಿ ಹಾಗೂ ಫೀಲರ್ ಗೇಜಿನಿಂದ ನೋಡಲಾಗುತ್ತದೆ. ಬದಲಿ ಹೆಡ್ಡನ್ನು ನೀರು ಅಥವಾ ಗಾಳಿಯ ಒತ್ತಡದಲ್ಲಿ ಪರೀಕ್ಷಿಸಿದರೆ ಕಣ್ಣಿಗೆ ಕಾಣದ ಬಿರುಕೂ ತಿಳಿಯುತ್ತದೆ. ಬೋಲ್ಟ್ ರಂಧ್ರಗಳಲ್ಲಿ ನೀರು ಅಥವಾ ಎಣ್ಣೆ ಉಳಿದರೆ ಬಿಗಿ ತಪ್ಪಾಗಿ ತೋರುತ್ತದೆ, ಬ್ಲಾಕ್ ಸೀಳಲೂಬಹುದು.

ಕೂರಿಸುವುದು: ಹೊಸ ಗ್ಯಾಸ್ಕೆಟ್ ಇಟ್ಟು, ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ ಟಾರ್ಕ್ ರೆಂಚಿನಿಂದ ಹಲವು ಸುತ್ತುಗಳಲ್ಲಿ ಬಿಗಿ ಮಾಡಲಾಗುತ್ತದೆ. ಬಿಗಿಯ ಪ್ರಮಾಣವನ್ನು ಆ ಮಾದರಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಇಂಜೆಕ್ಟರಿನ ಕೆಳಗಿನ ತಾಮ್ರದ ವಾಷರಿನ ದಪ್ಪವೂ ನಿಗದಿತ ಪ್ರಮಾಣದಲ್ಲಿರಬೇಕು.

ಟ್ಯಾಪೆಟ್ ಹೊಂದಿಕೆ: ಟಾಟಾ 697 ಎಂಜಿನ್ನಿನ ದಹನ ಕ್ರಮ 1-5-3-6-2-4. ಇದರಲ್ಲಿ 1-6, 5-2, 3-4 ಜೋಡಿಗಳು. ಆರನೆಯ ಸಿಲಿಂಡರಿನ ವಾಲ್ವುಗಳಲ್ಲಿ ಒಂದು ಮುಚ್ಚಿ ಮತ್ತೊಂದು ತೆರೆಯುವ ಕ್ಷಣದಲ್ಲಿ ಒಂದನೆಯದರ ಎರಡೂ ವಾಲ್ವುಗಳು ಮುಚ್ಚಿರುತ್ತವೆ. ಆಗ ಒಂದನೆಯದರ ಅಂತರವನ್ನು ಹೊಂದಿಸಬೇಕು. ಉಳಿದ ಜೋಡಿಗಳಿಗೂ ಇದೇ ನಿಯಮ.

ಕೊನೆಯಲ್ಲಿ ಇಂಧನದ ಹಾದಿಯಲ್ಲಿನ ಗಾಳಿಯನ್ನು ಹೊರಹಾಕಿ ಎಂಜಿನ್ ಚಾಲೂ ಮಾಡಲಾಗುತ್ತದೆ. ಕೈಪಿಡಿ ಸೂಚಿಸಿದ್ದರೆ, ಸ್ವಲ್ಪ ಓಡಿದ ಮೇಲೆ ಬೋಲ್ಟ್‌ಗಳ ಬಿಗಿಯನ್ನೂ ಟ್ಯಾಪೆಟ್ ಅಂತರವನ್ನೂ ಮತ್ತೊಮ್ಮೆ ನೋಡಬೇಕು. ಹೆಡ್ ಕೆಡಲು ಕಾರಣವಾದ ರೇಡಿಯೇಟರ್, ನೀರಿನ ಪಂಪು ಅಥವಾ ಥರ್ಮೋಸ್ಟಾಟಿನ ದೋಷವನ್ನು ಸರಿಪಡಿಸದಿದ್ದರೆ ಹೊಸ ಹೆಡ್ಡೂ ಅದೇ ರೀತಿ ಹಾಳಾಗುತ್ತದೆ.

ಕಾನೂನಿನ ಅಂಶಗಳು

ಎಂಜಿನ್ ಸಂಖ್ಯೆಯನ್ನು ಸಾಮಾನ್ಯವಾಗಿ ಬ್ಲಾಕಿನ ಮೇಲೆ ಒತ್ತಿರುವುದರಿಂದ ಹೆಡ್ ಬದಲಿಸಿದರೆ ಆ ಸಂಖ್ಯೆ ಬದಲಾಗುವುದಿಲ್ಲ. ಐವತ್ತು ವರ್ಷ ಮೀರಿದ ವಾಹನಗಳಿಗಾಗಿ 2021ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ವಿಂಟೇಜ್ ವಾಹನ ನಿಯಮಗಳು ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಸೀಮಿತವಾಗಿದ್ದು, ಸರಕು ಸಾಗಣೆಯ ಲಾರಿಗಳಿಗೆ ಅನ್ವಯಿಸುವುದಿಲ್ಲ.