ಪರದೆಯಲ್ಲಿ ಕಾಣುವ ಕನ್ನಡ ಕಿವಿಗೂ ಕೇಳಬೇಕು

ಕಂಪ್ಯೂಟರ್ ಪರದೆಯ ಮೇಲಿನ ಬರಹವನ್ನು ದನಿಯಾಗಿಸಿ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಅಂಧ ವಿದ್ಯಾರ್ಥಿಗೆ ಪಾಠ ಓದಲು, ಉದ್ಯೋಗಿಗೆ ಕಡತ ಪರಿಶೀಲಿಸಲು, ನಾಗರಿಕರಿಗೆ ಬ್ಯಾಂಕ್ ವ್ಯವಹಾರ ನಡೆಸಲು ಇದು ಬಹುಮುಖ್ಯ ಸಾಧನ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದು, ಅವರಲ್ಲಿ 50 ಲಕ್ಷಕ್ಕೂ ಅಧಿಕ ಮಂದಿ ದೃಷ್ಟಿದೋಷವುಳ್ಳವರಾಗಿದ್ದರು. ಸ್ಕ್ರೀನ್ ರೀಡರ್ ಅಕ್ಷರದ ಆಕಾರವನ್ನು ನೋಡುವುದಿಲ್ಲ. ಅದರ ಹಿಂದಿರುವ ಸಂಕೇತವನ್ನು ಓದುತ್ತದೆ. ಕನ್ನಡದ ಓದುಗರಿಗೆ ಬಹುಕಾಲ ತೊಡಕಾಗಿ ಪರಿಣಮಿಸಿದ್ದು ಈ ವ್ಯತ್ಯಾಸವೇ.

ಅಕ್ಷರ ಮತ್ತು ಸಂಕೇತ

1990ರ ದಶಕದಲ್ಲಿ ಬಳಕೆಗೆ ಬಂದ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದ್ದವು. ಹೀಗೆ ಸಿದ್ಧವಾದ ಪುಟ ಕಣ್ಣಿಗೆ ಅಚ್ಚಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಮಾತ್ರ. ಸ್ಕ್ರೀನ್ ರೀಡರ್ ಅದನ್ನು ಹಾಗೆಯೇ ಉಚ್ಚರಿಸುವುದರಿಂದ ಕೇಳುಗನಿಗೆ ಏನೂ ತಿಳಿಯದು.

ಈ ತೊಡಕಿಗೆ ಪರಿಹಾರ ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಅಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಆದ ಸಂಖ್ಯೆಗಳಿರುವುದರಿಂದ ಫಾಂಟ್ ಯಾವುದಾದರೂ ಯಂತ್ರ ಅದನ್ನು ಕನ್ನಡವೆಂದೇ ಗುರುತಿಸುತ್ತದೆ. ಆಸ್ಟ್ರೇಲಿಯಾದ ಅಂಧ ತಂತ್ರಜ್ಞ ಮೈಕಲ್ ಕರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ದೊರೆಯುತ್ತದೆ. ಅದರೊಡನೆ ಬರುವ ಈಸ್ಪೀಕ್ ಧ್ವನಿ ವ್ಯವಸ್ಥೆಯು ಯೂನಿಕೋಡ್ ಕನ್ನಡವನ್ನು ಓದಬಲ್ಲದು. ಹಾಗಾಗಿ ಇಂದು ಕೊರತೆಯಿರುವುದು ಸಾಧನದ್ದಲ್ಲ, ಅದಕ್ಕೆ ಒದಗುವ ರೂಪದಲ್ಲಿ ಬರಹವನ್ನು ಸಿದ್ಧಪಡಿಸುವ ಪರಿಪಾಠದ್ದು.

ಸುತ್ತೋಲೆಗೆ ಸಹಿ ಹಾಕಿ, ಮೊಹರು ಒತ್ತಿ, ಸ್ಕ್ಯಾನ್ ಮಾಡಿ ಪಿಡಿಎಫ್ ರೂಪದಲ್ಲಿ ಪ್ರಕಟಿಸುವ ಪದ್ಧತಿಯೂ ಇಂಥದೇ ಅಡ್ಡಿ. ಅಂಥ ಕಡತ ವಾಸ್ತವದಲ್ಲಿ ಒಂದು ಛಾಯಾಚಿತ್ರ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶದ ನೆರವಿಲ್ಲದೆ ಅದನ್ನು ಓದಿಸಲಾಗದು.

ಶಿಕ್ಷಣ

2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆಯು ಮುದ್ರಿತ ಪುಸ್ತಕವನ್ನು ಓದಲಾಗದವರಿಗಾಗಿ ಅದನ್ನು ಬ್ರೈಲ್, ಧ್ವನಿ ಅಥವಾ ವಿದ್ಯುನ್ಮಾನ ರೂಪಕ್ಕೆ ಲಾಭದ ಉದ್ದೇಶವಿಲ್ಲದೆ ಪರಿವರ್ತಿಸಲು ಅವಕಾಶ ಕಲ್ಪಿಸಿತು. ಇದೇ ಆಶಯದ ಮರಾಕೇಶ್ ಒಪ್ಪಂದ 2013ರಲ್ಲಿ ರೂಪುಗೊಂಡಿತು. 2014ರಲ್ಲಿ ಅದನ್ನು ಮೊದಲು ಅನುಮೋದಿಸಿದ ರಾಷ್ಟ್ರ ಭಾರತ. ಕಾನೂನಿನ ತಡೆ ಹೀಗೆ ನೀಗಿದರೂ ಹಳೆಯ ಫಾಂಟ್‌ಗಳಲ್ಲಿ ಅಕ್ಷರ ಜೋಡಿಸಿದ ಕನ್ನಡ ಪುಸ್ತಕವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ತಪ್ಪು ತಿದ್ದಬೇಕಾಗುತ್ತದೆ. ಪ್ರಕಾಶಕರು ಆರಂಭದಲ್ಲಿಯೇ ಯೂನಿಕೋಡ್ ಬಳಸಿದಲ್ಲಿ ಈ ಎರಡನೆಯ ದುಡಿಮೆ ಉಳಿಯುತ್ತದೆ.

ಉದ್ಯೋಗ

ವಿಕಲಚೇತನರ ಹಕ್ಕುಗಳ ಕಾಯ್ದೆ-2016, 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ 4, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5ರಷ್ಟು ಮೀಸಲಾತಿಯನ್ನು ಅದು ವಿಧಿಸುತ್ತದೆ. ಆದರೆ ನೇಮಕಾತಿಯ ಆದೇಶದೊಂದಿಗೆ ವಿಷಯ ಮುಗಿಯುವುದಿಲ್ಲ. ಕಚೇರಿಯ ತಂತ್ರಾಂಶದಲ್ಲಿ ‘ಸಲ್ಲಿಸು’ ಎಂಬ ಗುಂಡಿಗೆ ಹೆಸರು ಬರೆಯದೆ ಬರೇ ಚಿತ್ರವಿಟ್ಟಿದ್ದರೆ ಸ್ಕ್ರೀನ್ ರೀಡರ್ ‘ಬಟನ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಸಮರ್ಥ ನೌಕರರೂ ಅಲ್ಲಿ ಪಕ್ಕದವರನ್ನು ಕರೆಯಬೇಕಾಗುತ್ತದೆ. ಬೆಂಗಳೂರಿನಲ್ಲಿ 1999ರಲ್ಲಿ ಆರಂಭವಾದ ಎನೇಬಲ್ ಇಂಡಿಯಾ ಮೊದಲಾದ ಸಂಸ್ಥೆಗಳು ವಿಕಲಚೇತನರನ್ನು ಉದ್ಯೋಗಕ್ಕೆ ಸಜ್ಜುಗೊಳಿಸುತ್ತಿವೆ. ಅವರ ತರಬೇತಿ ಫಲ ನೀಡಬೇಕಾದರೆ ಕಚೇರಿಯ ವ್ಯವಸ್ಥೆಯೂ ಸಜ್ಜಾಗಿರಬೇಕು.

ನ್ಯಾಯಾಲಯದ ನಿಲುವು

ಬೆರಳುಗಳ ಸೆಟೆತದಿಂದ ಬರೆಯಲು ಕಷ್ಟಪಡುತ್ತಿದ್ದ ಅಭ್ಯರ್ಥಿಗೆ ಪರೀಕ್ಷೆಯಲ್ಲಿ ಲಿಪಿಕಾರರ ನೆರವು ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿತು. 2024ರ ನವೆಂಬರ್‌ನಲ್ಲಿ ರಾಜೀವ್ ರಾತುರಿ ಪ್ರಕರಣದ ತೀರ್ಪು, ಸುಗಮ್ಯತೆಯ ಮಾನದಂಡಗಳು ಕೇವಲ ಸಲಹೆಯಾಗಿ ಉಳಿಯದೆ ಕಡ್ಡಾಯ ನಿಯಮಗಳಾಗಬೇಕೆಂದು ಸೂಚಿಸಿತು. ಆ್ಯಸಿಡ್ ದಾಳಿಗೆ ಒಳಗಾದವರೂ ಅಂಧರೂ ಸಲ್ಲಿಸಿದ್ದ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ನೀಡಿದ ತೀರ್ಪು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕಣ್ಣು ಮಿಟುಕಿಸಿ ಗುರುತು ಸಾಬೀತುಪಡಿಸಬೇಕೆಂಬ ಡಿಜಿಟಲ್ ಕೆವೈಸಿ ವಿಧಾನ ಇಂಥವರನ್ನು ಬ್ಯಾಂಕ್ ಸೇವೆಯಿಂದ ಹೊರಗಿಡುತ್ತದೆಂಬುದನ್ನು ಮನಗಂಡ ನ್ಯಾಯಾಲಯವು, ಡಿಜಿಟಲ್ ಸೇವೆಗಳು ಎಲ್ಲರಿಗೂ ನಿಲುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿ 20 ನಿರ್ದೇಶನಗಳನ್ನು ನೀಡಿತು.

ಪರೀಕ್ಷಿಸುವ ಬಗೆ

ಪುಟವೊಂದು ಎಲ್ಲರಿಗೂ ಒದಗುತ್ತದೆಯೇ ಎಂಬುದನ್ನು ತಕ್ಕಮಟ್ಟಿಗೆ ಅರಿಯಲು ತಜ್ಞರೇ ಬೇಕೆಂದಿಲ್ಲ. ಕನ್ನಡದ ಒಂದು ವಾಕ್ಯವನ್ನು ನಕಲು ಮಾಡಿ ಅಂತರಜಾಲದ ಹುಡುಕುಪಟ್ಟಿಯಲ್ಲಿ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳು ಮೂಡಿದರೆ ಅದು ಹಳೆಯ ಫಾಂಟ್. ವಾಕ್ಯವನ್ನು ಆಯ್ದುಕೊಳ್ಳಲೇ ಆಗದಿದ್ದರೆ ಬಹುಪಾಲು ಅದು ಚಿತ್ರ. ಮೌಸ್ ಬದಿಗಿಟ್ಟು ಕೀಲಿಮಣೆಯಿಂದಲೇ ಅರ್ಜಿ ತುಂಬಲು ಸಾಧ್ಯವೇ ಎಂಬುದು ಮತ್ತೊಂದು ಪರೀಕ್ಷೆ. ಚಿತ್ರಗಳಿಗೆ ಬರಹದ ವಿವರಣೆ, ಶ್ರವಣದೋಷವುಳ್ಳವರಿಗಾಗಿ ವಿಡಿಯೊಗಳಿಗೆ ಅಡಿಬರಹ ಇವೆಯೇ ಎಂದೂ ನೋಡಬೇಕು. 1999ರಿಂದ ಜಾರಿಯಲ್ಲಿರುವ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಇವುಗಳನ್ನು ಬಯಸುತ್ತದೆ. ಈಗಾಗಲೇ ಹಳೆಯ ಫಾಂಟ್‌ನಲ್ಲಿರುವ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಲಭ್ಯವಿವೆ. ಹೊಸ ಕಡತಗಳಿಗೆ ಬೇಕಾದದ್ದು ಮೊದಲ ಅಕ್ಷರ ಒತ್ತುವಾಗಲೇ ಯೂನಿಕೋಡ್ ಆಯ್ದುಕೊಳ್ಳುವ ರೂಢಿ.