ಬೆಂಗಳೂರು ಮುಸ್ಲಿಮ್ಸ್ ಫುಟ್‌ಬಾಲ್ ಕ್ಲಬ್

ಬೆಂಗಳೂರಿನ ಹಳೆಯ ಹವ್ಯಾಸಿ ಫುಟ್‌ಬಾಲ್ ತಂಡ. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ಈ ಪಂದ್ಯಾವಳಿಯ ಕಪ್ಪು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬ್ರಿಟಿಷ್ ಸೇನಾ ತಂಡಗಳ ಕೈಬಿಟ್ಟು ಹೋಗಿರಲಿಲ್ಲ. 1923ರಲ್ಲಿ ಮೋಹನ್ ಬಾಗಾನ್ ಫೈನಲ್ ತಲುಪಿಯೂ ಸೋತಿತು. 1937ರಲ್ಲಿ ಬೆಂಗಳೂರಿನವರು ಫೈನಲ್‌ನಲ್ಲಿ ಮಣಿಸಿದ್ದು ಕಲ್ಕತ್ತಾ ಲೀಗನ್ನು 1934ರಿಂದ ಸತತವಾಗಿ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗನ್ನು. ಮರುವರ್ಷವೂ ಕಪ್ ಬೆಂಗಳೂರಿಗೇ ಬಂತು. 1948ರಲ್ಲಿ ಮೋಹನ್ ಬಾಗಾನ್ ವಿರುದ್ಧ ಮೂರನೇ ಗೆಲುವು.

ಆಗ ಭಾರತೀಯ ಆಟಗಾರರಲ್ಲಿ ಬಹುಪಾಲು ಮಂದಿ ಬೂಟಿಲ್ಲದೆ, ಪಾದಕ್ಕೆ ಬಟ್ಟೆಪಟ್ಟಿ ಸುತ್ತಿಕೊಂಡು ಆಡುತ್ತಿದ್ದರು. ಒಣನೆಲದಲ್ಲಿ ಚೆಂಡು ಕಾಲಿಗೆ ಅಂಟಿದಂತಿರುತ್ತಿತ್ತು. ಮಳೆ ಬಿದ್ದರೆ ಮಾತ್ರ ಜಾರುವ ಕಷ್ಟ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಹಾಗೂ ಅದೇ ತಂಡದ ಅಹಮದ್ ಖಾನ್ ಇಬ್ಬರೂ ಬೆಂಗಳೂರಿನವರೇ. ಖಾನ್ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಪ್ರತಿಭೆ ಹೀಗೆ ಕಲ್ಕತ್ತೆಯತ್ತ ಹರಿದದ್ದು ಬೆಂಗಳೂರಿನ ಫುಟ್‌ಬಾಲಿಗೆ ದೊಡ್ಡ ನಷ್ಟ.

1950ರಿಂದ ಐದು ವರ್ಷ ಸತತ ರೋವರ್ಸ್ ಗೆದ್ದದ್ದು ಹೈದರಾಬಾದ್ ಸಿಟಿ ಪೊಲೀಸ್. ಬೆಂಗಳೂರು ಮುಸ್ಲಿಮ್ಸ್‌ನ 1937ರ ಜಯಕ್ಕೆ ಕರ್ನಾಟಕದ ಕ್ರೀಡಾ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.