ಮಕರಂದದ ಕನ್ನಗಳ್ಳರು

ಗೋಡೆ ಕೊರೆದು ಮನೆಗೆ ನುಗ್ಗುವವನನ್ನು ಕನ್ನಗಳ್ಳ ಎನ್ನುತ್ತೇವೆ. ಹೂವಿನ ಲೋಕದಲ್ಲೂ ಇಂಥ ಕಳ್ಳರುಂಟು. ಹೂವಿನ ಬಾಯಿಯ ಕಡೆ ಸುಳಿಯದೆ, ಬುಡದಲ್ಲಿ ತೂತು ಮಾಡಿ ಮಕರಂದ ಹೀರಿ ಹಾರಿಹೋಗುವ ದುಂಬಿಗಳು ಇವು. ಈ ಕಳ್ಳತನವನ್ನು ಮೊದಮೊದಲು ಗಮನಿಸಿ ಬರೆದಿಟ್ಟವರಲ್ಲಿ ಒಬ್ಬ, ಬರ್ಲಿನ್ ಬಳಿಯ ಸ್ಪಾಂಡೌ ಪಟ್ಟಣದ ಶಾಲಾ ಮುಖ್ಯೋಪಾಧ್ಯಾಯ ಕ್ರಿಶ್ಚಿಯನ್ ಕಾನ್ರಾಡ್ ಸ್ಪ್ರೆಂಗೆಲ್.

ಹೂವಿನ ಬಣ್ಣ, ಗೆರೆ, ಮಕರಂದಗಳೆಲ್ಲ ಕೀಟಗಳನ್ನು ಕರೆಯುವುದಕ್ಕಾಗಿಯೇ ಇವೆ ಎಂದು ಸ್ಪ್ರೆಂಗೆಲ್ 1793ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾದಿಸಿದ. ಅವನು ವಿವರಿಸಿದ ಹೂಗಳಲ್ಲಿ ಸೇಜ್ ಕೂಡ ಒಂದು. ಸಾಲ್ವಿಯಾ ಎಂದೂ ಕರೆಯುವ ಇದು ನಮ್ಮ ತುಳಸಿಯ ಕುಟುಂಬಕ್ಕೇ ಸೇರಿದ ಗಿಡ.

ಯೂರೋಪಿನ ಹುಲ್ಲುಗಾವಲಿನ ನೀಲಿ ಸೇಜ್ ಹೂವಿನಲ್ಲಿರುವುದು ಎರಡೇ ಕೇಸರ. ಅವುಗಳ ರಚನೆ ಥೇಟ್ ಏತದಂತೆ. ಒಂದು ತುದಿಯಲ್ಲಿ ಪರಾಗದ ಚೀಲ. ಇನ್ನೊಂದು ತುದಿ ಮಕರಂದದ ದಾರಿಗೆ ಅಡ್ಡ ನಿಂತ ತಡಿಕೆ. ಜೇನು ತಲೆಯಿಂದ ತಡಿಕೆಯನ್ನು ತಳ್ಳಿದೊಡನೆ ಮೇಲಿನ ತುದಿ ಬಾಗಿ ಅದರ ಬೆನ್ನಿಗೆ ಪರಾಗ ಬಳಿಯುತ್ತದೆ. ಹೂವು ಬಲಿತ ಮೇಲೆ ಹೆಣ್ಣು ಭಾಗವಾದ ಶಲಾಕೆ ಕೆಳಗಿಳಿಯುತ್ತದೆ. ಬೇರೆ ಹೂವಿನಿಂದ ಬಂದ ಜೇನಿನ ಬೆನ್ನಿನ ಅದೇ ಜಾಗಕ್ಕೆ ತಾಗಿ ಪರಾಗ ಪಡೆಯುತ್ತದೆ. ಕನ್ನ ಕೊರೆಯುವ ದುಂಬಿಗೆ ಈ ಏತದ ಗೊಡವೆಯೇ ಇಲ್ಲ.

ಸ್ಪ್ರೆಂಗೆಲ್‌ಗೆ ಸಿಕ್ಕ ಪ್ರತಿಫಲ ಮಾತ್ರ ಕಹಿ. ವಿದ್ವಾಂಸರು ಪುಸ್ತಕವನ್ನು ಕಡೆಗಣಿಸಿದರು. 1794ರಲ್ಲಿ ಶಾಲೆಯ ಹುದ್ದೆಯೂ ಹೋಯಿತು. ಬರ್ಲಿನ್ನಿನಲ್ಲಿ ಪಾಠ ಹೇಳಿಕೊಂಡು ಬದುಕಿದ ಆತ 1816ರಲ್ಲಿ ತೀರಿಕೊಂಡ. ಕಾಲು ಶತಮಾನದ ನಂತರ, 1841ರಲ್ಲಿ, ಚಾರ್ಲ್ಸ್ ಡಾರ್ವಿನ್ ಆ ಪುಸ್ತಕವನ್ನು ಓದಿ ಮೆಚ್ಚಿದ. ಹೂ ಕೊರೆಯುವ ದುಂಬಿಗಳ ಬಗ್ಗೆ ಡಾರ್ವಿನ್ ತೋಟಗಾರಿಕೆಯ ಪತ್ರಿಕೆಯೊಂದಕ್ಕೆ ಬರೆದದ್ದೂ ಅದೇ ವರ್ಷ. ಹೀಗೆ ಮಕರಂದ ಕದ್ದರೆ ಗಿಡಕ್ಕೆ ಅಷ್ಟಿಷ್ಟಾದರೂ ನಷ್ಟ ತಪ್ಪದು ಎಂಬುದು 1876ರಲ್ಲಿ ಅವನು ಕೊಟ್ಟ ತೀರ್ಪು.

ಆ ತೀರ್ಪು ಎಲ್ಲ ಹೂಗಳಿಗೂ ಸಲ್ಲುವುದೇ? ಅಮೆರಿಕದ ಕೊಲರಾಡೋ ಬೆಟ್ಟಗಳಲ್ಲಿ ಒಂದು ಕೆಂಪು ಕಾಡುಹೂವನ್ನು ಅಭ್ಯಸಿಸಿದ ರೆಬೆಕಾ ಅರ್ವಿನ್ ಮತ್ತು ಆಲಿಸನ್ ಬ್ರಾಡಿ, 1999ರಲ್ಲಿ, ಹೆಚ್ಚು ಕಳವಾದ ಗಿಡಗಳಲ್ಲಿ ಬೀಜ ಕಡಿಮೆಯಾದದ್ದನ್ನು ತೋರಿಸಿದರು. ಬರಿದಾದ ಹೂಗಳತ್ತ ಝೇಂಕಾರದ ಹಕ್ಕಿಗಳು ಬಾರದಿದ್ದುದೇ ಕಾರಣ. ಆದರೆ ಮರುವರ್ಷ ಪ್ರಕಟವಾದ ಸಮೀಕ್ಷೆಯೊಂದು ಹಲವಾರು ಗಿಡಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಕೆಲವಕ್ಕೆ ನಷ್ಟ, ಕೆಲವಕ್ಕೆ ಏನೂ ಇಲ್ಲ, ಕೆಲವಕ್ಕೆ ಲಾಭವೂ ಉಂಟೆಂದು ಕಂಡುಬಂತು. ಲಾಭ ಹೇಗೆ? ಕಳ್ಳನ ಮೈ ಕೇಸರಕ್ಕೆ ತಾಗಿ ಪರಾಗ ಸಾಗಿಸಬಹುದು. ಇಲ್ಲವೇ, ಮಕರಂದ ಸಾಲದ ಜೇನು ಮುಂದಿನ ಗಿಡಕ್ಕೆ, ಅದರಾಚೆಯ ಗಿಡಕ್ಕೆ ಅಲೆಯುವಾಗ ಪರಾಗವೂ ದೂರ ಹೋಗಬಹುದು.

ಕನ್ನ ಬಿದ್ದ ಮಾತ್ರಕ್ಕೆ ಹೂವು ಕೆಟ್ಟಿತೆಂದು ಹೇಳುವಂತಿಲ್ಲ. ಯಾವ ಹೂವು, ಯಾವ ದುಂಬಿ, ಸುತ್ತ ಮತ್ತಾರು ಬರುತ್ತಾರೆ ಎಂದು ಕಾದು ನೋಡಬೇಕು. ಕೆಲಸ ಕಳೆದುಕೊಂಡ ಆ ಮೇಷ್ಟ್ರು ಮಾಡಿದ್ದೂ ಅದನ್ನೇ: ಹೂವಿನ ಮುಂದೆ ಕಾದು ಕುಳಿತದ್ದು.